ಭಜ್ಜಿ ಬೇಯುವ ಹನ್ನೆರಡು ನಿಮಿಷ

ಹುಮನಾಬಾದದಿಂದ ತಂದ ಸ್ಟೀಲ್ ಪಾತ್ರೆಗಳ ಡಬ್ಬ ನಾಲ್ಕು ದಿನದಿಂದ ವಿದ್ಯಾವತಿಯ ಮಂಚದ ಕೆಳಗಿತ್ತು. ದಪ್ಪ ತಳದ ಐದು ಪಾತ್ರೆ, ಐದು ಮುಚ್ಚಳ. ಅಂಗಡಿಯಲ್ಲಿಟ್ಟು ಮಾರುವ ಮಾಲಲ್ಲ ಅದು. ಓಣಿಯ ಹೆಂಗಸರನ್ನು ಮನೆಗೆ ಕರೆದು, ಅವರೆದುರಿಗೇ ಅಡಿಗೆ ಮಾಡಿ, ತಿನ್ನಿಸಿ, ಆಮೇಲೆ ಆರ್ಡರ್ ಬರೆದುಕೊಳ್ಳಬೇಕು. ಅದಕ್ಕೆ ಡೆಮೊ ಎನ್ನುತ್ತಾರೆ. ವಿದ್ಯಾವತಿಗೆ ಇದು ಮೊದಲ ಡೆಮೊ.

ಅವಳಿಗೆ ಮೂವತ್ತೊಂಬತ್ತು ವರ್ಷ. ಗಂಡ ಗುರುಲಿಂಗನಿಗೆ ಬಸವಕಲ್ಯಾಣದ ಬಜಾರಿನಲ್ಲಿ ನಟ್ಟು-ಬೋಲ್ಟು, ಪೈಪಿನ ಅಂಗಡಿ. ಮಗಳು ಕಲಬುರಗಿಯ ಹಾಸ್ಟೆಲಿಗೆ ಹೋದ ಮೇಲೆ ಮನೆಯಲ್ಲಿ ಮಧ್ಯಾಹ್ನಗಳು ಉದ್ದವಾಗಿದ್ದವು. ತನ್ನದೂ ಅಂತ ಒಂದು ಕೆಲಸ ಇರಲಿ ಎಂದುಕೊಂಡು ಪಾತ್ರೆ ಕಂಪನಿಯವರ ಹುಮನಾಬಾದದ ಟ್ರೇನಿಂಗಿಗೆ ವಾರಕ್ಕೆರಡು ಸಲದಂತೆ ಒಂದು ತಿಂಗಳು ಬಸ್ಸಿನಲ್ಲಿ ಓಡಾಡಿದ್ದಳು. ಅಲ್ಲಿ ಕಲಿಸಿದವಳು ಮನೀಷಾ. ವಿದ್ಯಾವತಿಗಿಂತ ಹತ್ತು ವರ್ಷಕ್ಕೆ ಚಿಕ್ಕವಳು. ಮಾತು ಕಡಿಮೆ, ಕೈ ಚುರುಕು. ಹೊಸಬರ ಮೊದಲ ಡೆಮೊಗೆ ಕಲಿಸಿದವರೇ ಜೊತೆಗೆ ಬಂದು ನಿಲ್ಲುವುದು ಅಲ್ಲಿನ ವಾಡಿಕೆ.

ಏನೇನು ಮಾಡಬೇಕು ಅಂತ ಗೊತ್ತು ಮಾಡಲು ವಿದ್ಯಾವತಿ ಮನೀಷಾಳ ಮನೆಗೇ ಹೋಗಿದ್ದಳು. ಮೊಬೈಲಿನಲ್ಲಿ ನೋಡಿ ಪಟ್ಟಿ ಬರೆದುಕೊಂಡು ಹೋಗಿದ್ದಳು: ಪನೀರ್ ಮಸಾಲ, ಮಂಚೂರಿ, ಕೇಕು.

ಮನೀಷಾ ಪಟ್ಟಿ ಓದಿ ಮಡಚಿಟ್ಟಳು. "ಪನೀರ್ ಮಾಡಿದ್ರ ಪನೀರ್ ಛಲೋ ಅದ ಅಂತಾರ ಅಕ್ಕಾರ, ಭಾಂಡೆ ಛಲೋ ಅದ ಅನ್ನಂಗಿಲ್ಲ. ಅವರು ತಮ್ಮ ಮನ್ಯಾಗ ಮಾಡೋದನ್ನೇ ಮಾಡ್ರಿ. ಆಗ ಫರಕ್ ಗೊತ್ತಾಗ್ತದ."

"ಅಂದ್ರ ಏನ್ ಮಾಡ್ಲಿ?"

"ಎಳ್ಳಮಾಸಿ ಹಬ್ಬಕ್ಕ ಕಾಳು, ಸೊಪ್ಪು ಎಲ್ಲಾ ಕೂಡಿಸಿ ಕುದಿಸ್ತೀವಲ್ಲ, ಆ ಭಜ್ಜಿ ಮಾಡ್ರಿ. ಎಳ್ಳಮಾಸಿ ಹೋಗಿ ಎರಡು ವಾರಾಗ್ಯದ, ಬಜಾರದಾಗ ಇನ್ನಾ ಹಸಿ ತೊಗರಿಕಾಯಿ, ಅವರಿಕಾಯಿ, ಮೆಂತ್ಯಾ ಎಲ್ಲಾ ಸಿಗಾಕತ್ತಾವ. ಅದರಾಗ ಸುಲಿಯೋದು, ಸೋಸೋದು ಭಾಳ ಇರ್ತದ. ಬಂದವರ ಕೈಗಿ ಕೆಲಸ ಕೊಡ್ರಿ. ಕೈ ಖಾಲಿ ಇದ್ರ ಮೊಬೈಲ್ ತಗೀತಾರ. ಕಾಯಿ ಸುಲಿದಾಕಿ ಪಲ್ಯ ರುಚಿ ಆಗ್ಲಿ ಅಂತ ತಾನೇ ಬೇಡ್ಕೋತಾಳ."

ಮನೀಷಾ ಒಳಗಿನಿಂದ ಚಹಾ ತಂದಳು. ಎದುರಿನ ಗೋಡೆಯ ಮೇಲೆ ಬುದ್ಧನದೂ ಬಾಬಾಸಾಹೇಬರದೂ ಫೋಟೋ ಇದ್ದವು. ವಿದ್ಯಾವತಿ ಅವನ್ನು ಬಂದ ಕೂಡಲೇ ನೋಡಿದ್ದಳು. "ಇವತ್ತು ನನಗ ಉಪಾಸದ," ಎಂದಳು. ಉಪವಾಸ ಇರಲಿಲ್ಲ. ಮನೀಷಾ ಕಪ್ಪನ್ನು ಒಳಗೆ ಒಯ್ದಳು.

ಡೆಮೊ ದಿನ ಮೂರು ಗಂಟೆಗೆ ಎಂಟು ಹೆಂಗಸರು ಬಂದರು. ಎಲ್ಲರಿಗಿಂತ ಹಿರಿಯಳು ಸಂಗಮ್ಮ. ಓಣಿಯಲ್ಲಿ ಎಲ್ಲರೂ ಅವಳನ್ನು ಆಯಿ ಎನ್ನುತ್ತಿದ್ದರು. ಒಂದು ಮನೆಯ ಮದುವೆ ಮಾತುಕತೆಯಿರಲಿ, ಇನ್ನೊಂದು ಮನೆಯ ಜಗಳವಿರಲಿ, ಅವಳ ಮಾತು ಕೇಳದೆ ಮುಗಿಯುತ್ತಿರಲಿಲ್ಲ. ಅವಳು ಕೊಂಡರೆ ಓಣಿಯೇ ಕೊಂಡಂತೆ ಎಂದು ವಿದ್ಯಾವತಿ ಲೆಕ್ಕ ಹಾಕಿದ್ದಳು. ಆಯಿಯ ಜೊತೆ ಅವಳ ಹೊಸ ಸೊಸೆ, ಎದುರು ಮನೆಯ ಚಂದ್ರಕಲಾ, ಇನ್ನೂ ಐವರು.

ಪಡಸಾಲೆಯಲ್ಲಿ ಜಮಖಾನ ಹಾಸಿ ನಡುವೆ ಗ್ಯಾಸಿನ ಒಲೆ ಇಟ್ಟಿದ್ದರು. ಮನೀಷಾ ಎಲ್ಲರ ಮುಂದೆ ಒಂದೊಂದು ತಟ್ಟೆ ಇಟ್ಟಳು. ಒಬ್ಬರಿಗೆ ತೊಗರಿಕಾಯಿ, ಒಬ್ಬರಿಗೆ ಅವರೆ, ಒಬ್ಬರಿಗೆ ಮೆಂತ್ಯದ ಸಿವುಡು. ಚಂದ್ರಕಲಾಗೆ ಗಡಿಯಾರ ನೋಡುವ ಕೆಲಸ. ಹೊಸ ಸೊಸೆಗೆ ಹುಣಸೆಹುಳಿ ಕಿವುಚಲು ಕೊಟ್ಟು, "ನಿಮ್ಮೂರ ಕಡೆ ಭಜ್ಜಿಗಿ ಶೇಂಗಾ ಹಾಕ್ತೀರೇನು?" ಎಂದು ಕೇಳಿದಳು. ಅತ್ತೆಯ ಮುಂದೆ ಬಾಯಿ ಬಿಡದ ಆ ಹುಡುಗಿ ತವರಿನ ಭಜ್ಜಿಯ ಬಗ್ಗೆ ಐದು ನಿಮಿಷ ಮಾತಾಡಿದಳು. ಹಾಕಬೇಕೋ ಬೇಡವೋ ಎಂದು ಉಳಿದವರಲ್ಲಿ ವಾದ ಶುರುವಾಯಿತು. ವಿದ್ಯಾವತಿಗೆ ಎದೆ ಹಗುರಾಯಿತು.

ಮನೀಷಾ ಗಜ್ಜರಿ ಹೆಚ್ಚುತ್ತಿದ್ದಳು. ಆಯಿ ಅವಳನ್ನೇ ನೋಡುತ್ತ, "ಯಾವೂರವ್ವ ನಿಂದು?" ಎಂದಳು.

"ಇರೋದು ಹುಮನಾಬಾದರಿ. ಊರು ಘಾಟಬೋರಾಳ."

"ಘಾಟಬೋರಾಳ? ನನ್ನ ತವರೂರೇ ಅದು. ಯಾರ ಪೈಕಿ?"

ಮನೀಷಾ ತಲೆ ಎತ್ತಿದಳು. ಅವಳು ಬಾಯಿ ತೆರೆಯುವ ಮುಂಚೆ ವಿದ್ಯಾವತಿ ಅಂದುಬಿಟ್ಟಳು: "ನಮ್ಮ ಪೈಕಿನೇ ಆಯಿ."

"ಹೌದಾ? ಅಲ್ಲಿ ನಮ್ಮ ಪೈಕಿ ಮನಿ ಎಲ್ಲಾ ನನಗ ಗೊತ್ತವ. ಅಪ್ಪನ ಹೆಸರೇನು?"

ಈಗಲೂ ಸುಮ್ಮನಿರಬಹುದಿತ್ತು. ಆದರೆ ಒಂದು ಸಲ ಹೊರಟ ಸುಳ್ಳಿಗೆ ಇನ್ನೊಂದು ಬೇಕಾಗಿತ್ತು. ಮಂಠಾಳದಲ್ಲಿದ್ದ ತನ್ನ ಸೋದರಮಾವನ ಹೆಸರು ವಿದ್ಯಾವತಿಯ ಬಾಯಿಗೆ ಬಂತು. "ವೀರಭದ್ರಪ್ಪ ಅಂತರಿ," ಎಂದಳು.

ಮನೀಷಾ ಚಾಕು ಕೆಳಗಿಟ್ಟಳು. ಕೈಯನ್ನು ಬಟ್ಟೆಗೆ ಒರೆಸಿಕೊಂಡಳು.

"ಅಕ್ಕಾರಿಗಿ ಗೊತ್ತಿಲ್ಲರಿ ಆಯಿ," ಎಂದಳು. ದನಿ ಏರಲಿಲ್ಲ. "ನಮ್ಮಪ್ಪನ ಹೆಸರು ದೇವಿದಾಸ. ಬುದ್ಧವಿಹಾರದ ಬಾಜೂಕ ನಮ್ಮ ಮನಿ."

ಶೇಂಗಾದ ವಾದ ನಿಂತುಹೋಯಿತು. ಚಂದ್ರಕಲಾ ಗಡಿಯಾರ ನೋಡಿದಳು. ಯಾರೋ ಒಬ್ಬರು ಸುಲಿದ ಕಾಳಿನ ತಟ್ಟೆಯನ್ನು ಮೊಣಕಾಲಿನಿಂದ ಸ್ವಲ್ಪ ಆಚೆ ಸರಿಸಿದರು.

ಮನೀಷಾ ಎಲ್ಲರ ತಟ್ಟೆಗಳನ್ನೂ ತಾನೇ ಎತ್ತಿಕೊಂಡು ಪಾತ್ರೆಗೆ ಸುರುವಿದಳು. ಕಡಲೆಹಿಟ್ಟು ಕದಡಿ ಹಾಕಿದಳು, ಹುಣಸೆಹುಳಿ ಹಾಕಿದಳು, ಮುಚ್ಚಳ ಮುಚ್ಚಿದಳು. "ಈಗ ಉರಿ ಸಣ್ಣ ಮಾಡಾಕತ್ತೇನಿ. ಸೀಟಿ ಇರಂಗಿಲ್ಲ. ಬರೋಬ್ಬರಿ ಹನ್ನೆರಡು ನಿಮಿಷ. ನಡುವ ಯಾರೂ ಮುಚ್ಚಳ ತಗೀಬಾರದು," ಎಂದಳು. ಕಲಿಸುವಾಗ ಹೇಳುತ್ತಿದ್ದ ಮಾತೇ ಅದು. ಒಂದು ಅಕ್ಷರ ಹೆಚ್ಚು ಕಡಿಮೆ ಇರಲಿಲ್ಲ.

ಆ ಹನ್ನೆರಡು ನಿಮಿಷದಲ್ಲಿ ಐವರು ಎದ್ದು ಹೋದರು. ಒಬ್ಬರಿಗೆ ಮಗನ ಶಾಲೆ ಬಿಡುವ ಹೊತ್ತಾಗಿತ್ತು. ಒಬ್ಬರಿಗೆ ನಲ್ಲಿ ನೀರು ಬರುವುದಿತ್ತು. ಒಬ್ಬರು ಕಾರಣವನ್ನೂ ಹೇಳಲಿಲ್ಲ, ಚಪ್ಪಲಿ ಮೆಟ್ಟಿಕೊಂಡು ಹೋದರು. ಪ್ರತಿಯೊಬ್ಬರು ಏಳುವಾಗಲೂ ವಿದ್ಯಾವತಿ ಬಾಗಿಲ ತನಕ ಹೋಗಿ, "ಇರ್ರಿ, ಆಗೇ ಹೋಯ್ತು," ಎನ್ನುತ್ತಿದ್ದಳು. ಹೋಗುವವರ ಮುಖ ನೋಡಬಲ್ಲವಳಾಗಿದ್ದಳು. ತಿರುಗಿ ಒಲೆಯ ಮುಂದೆ ಕೂತವಳ ಮುಖ ನೋಡಲಾಗಲಿಲ್ಲ.

ಆಯಿ ಮಾತ್ರ ಕೂತೇ ಇದ್ದಳು. "ದೇವಿದಾಸ ನಮ್ಮಣ್ಣನ ಹೊಲದಾಗ ಇದ್ದ," ಎಂದಳು, ಯಾರಿಗೂ ಅಲ್ಲ ಎಂಬಂತೆ. "ಕೆಲಸಗಾರ ಮನುಷ್ಯಾ."

"ಹೌದ್ರಿ," ಎಂದಳು ಮನೀಷಾ.

ಮುಚ್ಚಳ ತೆಗೆದಾಗ ಮನೆಯೆಲ್ಲ ಭಜ್ಜಿಯ ವಾಸನೆ. ಚಂದ್ರಕಲಾ ಸಜ್ಜೆ ರೊಟ್ಟಿಗೆ ಹಚ್ಚಿಕೊಂಡು ಎರಡು ಸಲ ಹಾಕಿಸಿಕೊಂಡಳು. ಹೊಸ ಸೊಸೆ ತಾಟನ್ನು ತೊಡೆಯ ಮೇಲಿಟ್ಟುಕೊಂಡು ಅತ್ತೆಯನ್ನು ನೋಡಿದಳು. ಆಯಿ, "ನಮಗ ಸಂಜಿ ಪೂಜಿ ಅದ," ಎಂದು ಎದ್ದಳು. ಸೊಸೆ ತಾಟು ಕೆಳಗಿಟ್ಟು ಹಿಂದೆ ನಡೆದಳು. ಬಾಗಿಲಲ್ಲಿ ಆಯಿ ವಿದ್ಯಾವತಿಯ ಭುಜ ಮುಟ್ಟಿ, "ಪಾಪ, ನಿನಗರೆ ಹ್ಯಾಂಗ ಗೊತ್ತಾಗಬೇಕು," ಎಂದಳು. ವಿದ್ಯಾವತಿ ತಲೆ ಅಲ್ಲಾಡಿಸಿದಳು. ಹೌದು ಎನ್ನುವ ಹಾಗೆ.

ಚಂದ್ರಕಲಾನೂ ಹೋದ ಮೇಲೆ ಮನೀಷಾ ಒಂದು ತಾಟಿನಲ್ಲಿ ರೊಟ್ಟಿ, ಭಜ್ಜಿ ಹಾಕಿ ವಿದ್ಯಾವತಿಯ ಮುಂದೆ ಹಿಡಿದಳು. "ಮಾಡಿದವರು ರುಚಿ ನೋಡಬೇಕ್ರಿ."

ವಿದ್ಯಾವತಿಯ ಕೈ ಮುಂದಕ್ಕೆ ಹೋಯಿತು, ನಡುವೆ ಒಂದು ಕ್ಷಣ ನಿಂತಿತು. ಅಷ್ಟೇ. ಆದರೆ ಅದು ನಿಂತದ್ದನ್ನು ಇಬ್ಬರೂ ನೋಡಿದರು. "ಆಮ್ಯಾಲ ತಿಂತೀನಿ," ಎಂದಳು ವಿದ್ಯಾವತಿ. ಮನೀಷಾ ತಾಟನ್ನು ಕಟ್ಟೆಯ ಮೇಲಿಟ್ಟು, ಪಾತ್ರೆಗಳನ್ನು ತಿಕ್ಕಿ, ಒರೆಸಿ, ಡಬ್ಬದಲ್ಲಿ ಸಾಲಾಗಿ ಜೋಡಿಸಿ, ಐದೂವರೆ ಬಸ್ಸಿಗೆ ಹೋದಳು.

ಅವಳು ಹೋದ ಮೇಲೆ ವಿದ್ಯಾವತಿ ಆ ತಾಟಿನಲ್ಲಿದ್ದುದನ್ನು ನಿಂತುಕೊಂಡೇ ತಿಂದಳು. ಭಜ್ಜಿ ತನ್ನ ತಾಯಿಯ ಕೈಯ ಭಜ್ಜಿಯಷ್ಟೇ ಚೆನ್ನಾಗಿತ್ತು. ನೋಡಲು ಯಾರೂ ಇಲ್ಲದಾಗ ತಿಂದೆ ಎಂಬುದು ನೆನಪಾಗಿ ಕೊನೆಯ ತುತ್ತನ್ನು ತಾಟಿನಲ್ಲೇ ಬಿಟ್ಟಳು.

ಗುರುಲಿಂಗ ಅಂಗಡಿಯಿಂದ ಬಂದು, "ಹ್ಯಾಂಗಾಯ್ತು?" ಎಂದ. "ಚಂದ್ರಕಲಾಂದು ಒಂದು ಆರ್ಡರ್ ಬಂತು," ಎಂದಳು. ಮುಂದಿನ ದಿನಗಳಲ್ಲಿ ಓಣಿಯ ಹೆಂಗಸರು ಅವಳಿಗೆ ಸಮಾಧಾನ ಹೇಳಿದರು. ಕಂಪನಿಯವರು ಮೊದಲೇ ತಿಳಿಸಬೇಕಿತ್ತು ಎಂದರು. ಅವಳು ಎಲ್ಲರ ಮುಂದೆಯೂ ಸುಮ್ಮನೆ ನಿಂತಳು. ಮನೀಷಾ ಅವಳನ್ನು ಉಳಿಸಲು ಹೇಳಿದ 'ಗೊತ್ತಿಲ್ಲರಿ' ಎಂಬ ಒಂದು ಮಾತನ್ನು ಅವಳು ವಾರವಿಡೀ ಉಟ್ಟುಕೊಂಡು ಓಡಾಡಿದಳು.

ಎಂಟನೆಯ ದಿನ ಹುಮನಾಬಾದಕ್ಕೆ ಹೋದಳು. ಮನೀಷಾ ಹೊಸ ಹೆಂಗಸರಿಗೆ ಕಲಿಸುತ್ತಿದ್ದಳು. ಅವಳಿಗೆ ಬಿಡುವಾಗುವ ತನಕ ವಿದ್ಯಾವತಿ ಮೆಟ್ಟಿಲ ಮೇಲೆ ಕೂತಿದ್ದಳು.

"ತಪ್ಪಾಯ್ತು ಮನೀಷಾ," ಎಂದಳು, ಅವಳು ಹೊರಗೆ ಬಂದಾಗ.

ಮನೀಷಾ ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. "ಎದ್ದು ಹೋದವರದು ನನಗೇನೂ ಹೊಸಾದಲ್ಲರಿ. ಸುಳ್ಳು ಹೇಳಿದ್ದೂ ಹೊಸಾದಲ್ಲ. ಆದ್ರ ನನಗ ಬ್ಯಾರೆ ಅಪ್ಪನ್ನ ಕೊಟ್ಟ್ರಲ್ಲ ಅಕ್ಕಾರ. ನನ್ನ ಕಲಿಸಾಕ ನಮ್ಮಪ್ಪ ಎಷ್ಟು ಮಂದಿ ಹೊಲದಾಗ ದುಡಿದಾನ, ನಿಮಗ ಗೊತ್ತಿಲ್ಲ."

ಮನೀಷಾ ಒಳಗೊಮ್ಮೆ ನೋಡಿ, ಮತ್ತೆ ಇವಳತ್ತ ತಿರುಗಿದಳು.

"ನನ್ನ ಮನ್ಯಾಗ ಚಹಾ ಕುಡೀಲಿಲ್ಲ ನೀವು. ಆವತ್ತೇ ನನಗ ತಿಳೀತು. ಆದ್ರೂ ಬಂದೆ. ನೀವು ಯಾಕ ಕರದ್ರಿ?"

"ನೀ ಬಂದ್ರ ಮಂದಿ ಕೊಂಡ್ಕೋತಾರ ಅಂತ ಕರದೆ," ಎಂದಳು ವಿದ್ಯಾವತಿ. ಅದಕ್ಕಿಂತ ಒಳ್ಳೆಯ ಉತ್ತರ ಅವಳಲ್ಲಿ ಇರಲಿಲ್ಲ.

"ಇದಾದ್ರೂ ಖರೆ ಅದ," ಎಂದಳು ಮನೀಷಾ. "ಮುಂದಿನ ಡೆಮೊ ನೀವೇ ಮಾಡ್ರಿ. ಕಲಿತೀರಿ ನೀವು. ಏನರೆ ಅಡಚಣಿ ಬಂದ್ರ ಫೋನ್ ಮಾಡ್ರಿ, ಹೇಳ್ತೀನಿ. ನಾ ಮಾತ್ರ ಬರಂಗಿಲ್ಲ." ಹೇಳಿ ಒಳಗೆ ಹೋದಳು. ಒಳಗೆ ಯಾರಿಗೋ ಉರಿ ಸಣ್ಣ ಮಾಡಲು ಹೇಳುವುದು ಕೇಳಿಸಿತು.

ಬಸ್ಸು ರಾಜೇಶ್ವರ ಊರನ್ನು ದಾಟುವಾಗ ವಿದ್ಯಾವತಿ ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ನಾಲ್ಕೈದು ಬಗೆಯಲ್ಲಿ ಜೋಡಿಸಿ ನೋಡಿದಳು. ಯಾವುದೂ ಸರಿಬರಲಿಲ್ಲ. ಬಸವಕಲ್ಯಾಣದಲ್ಲಿ ಇಳಿದವಳು ಮನೆಗೆ ಹೋಗದೆ ನೇರ ಸಂಗಮ್ಮನ ಮನೆಗೆ ಹೋದಳು. ಆಯಿ ಕಟ್ಟೆಯ ಮೇಲೆ ಕೂತು ಬತ್ತಿ ಹೊಸೆಯುತ್ತಿದ್ದಳು. ಹೊಸ ಸೊಸೆ ಬಾಗಿಲಲ್ಲಿ ನಿಂತಿದ್ದಳು.

"ಆಯಿ, ನನಗ ಗೊತ್ತಿತ್ತು," ಎಂದಳು ವಿದ್ಯಾವತಿ. "ಮನೀಷಾ ಯಾರು ಅಂತ ಮೊದಲಿಂದ ಗೊತ್ತಿತ್ತು. ಬೇಕಂತಲೇ ಸುಳ್ಳು ಹೇಳಿದೆ. ಅಕಿ ನನ್ನ ಮರ್ಯಾದಿ ಉಳಿಸಿದಳು, ಅಷ್ಟೇ."

ಆಯಿಯ ಬೆರಳು ನಿಲ್ಲಲಿಲ್ಲ. ಒಂದು ಬತ್ತಿ ಮುಗಿಸಿ ತಟ್ಟೆಗೆ ಹಾಕಿದಳು. "ಗೊತ್ತಿದ್ದೂ ನನ್ನ ಕರದಿ," ಎಂದಳು.

"ಹೌದ್ರಿ."

"ಕರದು, ತಿನ್ನಿಸಾಕ ನಿಂತಿದ್ದಿ."

"ಹೌದ್ರಿ. ನಾನೂ ತಿಂದೀನಿ. ಛಲೋ ಆಗಿತ್ತು."

ಆಯಿ ಇನ್ನೊಂದು ಬತ್ತಿಗೆ ಹತ್ತಿ ತೆಗೆದುಕೊಂಡಳು. ಹೋಗು ಎನ್ನಲಿಲ್ಲ, ಕುಂದ್ರು ಎಂದೂ ಅನ್ನಲಿಲ್ಲ. ಹೇಳಿದರೆ ಹಗುರಾಗುತ್ತದೆ ಎಂದು ವಿದ್ಯಾವತಿ ಅಂದುಕೊಂಡಿದ್ದಳು. ಹಗುರಾಗಲಿಲ್ಲ. ಸೊಸೆ ಅವಳನ್ನು ನೋಡುತ್ತಿದ್ದಳು, ನೋಟದಲ್ಲಿ ಏನಿತ್ತೆಂದು ವಿದ್ಯಾವತಿಗೆ ತಿಳಿಯಲಿಲ್ಲ. ಸೆರಗು ಸರಿಮಾಡಿಕೊಂಡು ಓಣಿಗೆ ಇಳಿದಳು. ಅವತ್ತು ಎದ್ದುಹೋದವರ ಐದು ಮನೆಗಳಿಗೆ ಇನ್ನೂ ಹೋಗಬೇಕಾಗಿತ್ತು.