ತಿಪ್ಪವ್ವನ ಗಾಡಿ ನಿಂತ ದಿನ

ಪರೀಕ್ಷೆಗೆ ಹೋಗುವ ಮಕ್ಕಳು ಬಗಲಲ್ಲಿ ಅವುಚಿಕೊಂಡು ಓಡುತ್ತಾರಲ್ಲ, ಆ ಕಂದು ಬಣ್ಣದ ಬರೆಯುವ ಪ್ಯಾಡು ನಾನು. ಮೇಲೊಂದು ಕಬ್ಬಿಣದ ಕ್ಲಿಪ್ಪು, ಕೆಳಗೆ ನುಣುಪಾದ ಹಲಗೆ, ಇಷ್ಟೇ ನನ್ನ ಮೈ. ಹುಬ್ಬಳ್ಳಿಯ ಒಂದು ತಗಡಿನ ಶೆಡ್ಡಿನಲ್ಲಿ ಹುಟ್ಟಿದೆ. ಕಟ್ಟಿಗೆಯ ಪುಡಿ ಒತ್ತಿ ಮಾಡಿದ ದೊಡ್ಡ ಹಲಗೆಯಿಂದ ನನ್ನನ್ನು ಕೊಯ್ದರು, ಮೂಲೆಗಳನ್ನು ಉಜ್ಜಿ ದುಂಡಗೆ ಮಾಡಿದರು, ಕ್ಲಿಪ್ಪು ಕೂರಿಸಿ ಮೊಳೆ ಬಡಿದರು. ಬಡಿದವನ ಗಮನ ಎಲ್ಲಿತ್ತೋ, ಒಂದು ಮೊಳೆ ಸೊಟ್ಟಗಾಯಿತು. ಅಂದಿನಿಂದ ನನ್ನ ಕ್ಲಿಪ್ಪು ಎಡಗಡೆ ಬಿಗಿ, ಬಲಗಡೆ ಸಡಿಲ. ನನ್ನ ಮೇಲಿಟ್ಟ ಹಾಳೆ ಸ್ವಲ್ಪ ವಾಲಿಕೊಂಡೇ ಕೂರುತ್ತದೆ. ನನ್ನ ಸಿಡುಕು ಸ್ವಭಾವವೂ ಆ ಮೊಳೆಯಿಂದಲೇ ಬಂದಿರಬೇಕು.

ನನಗೆ ಓದಲು ಬರುವುದಿಲ್ಲ. ಹಾಳೆಯ ಅಡಿಯಲ್ಲಿ ಬಿದ್ದಿರುವ ನನಗೆ ಅಕ್ಷರ ಹೇಗೆ ಕಾಣಬೇಕು? ಆದರೆ ಪೆನ್ನಿನ ಒತ್ತು ಮಾತ್ರ ಚೆನ್ನಾಗಿ ತಿಳಿಯುತ್ತದೆ. ಬರೆಯುವವರ ಜೀವ ಬೆರಳ ತುದಿಯಲ್ಲಿದೆಯೋ, ಗಡಿಯಾರದ ಮೇಲಿದೆಯೋ ಎಂದು ನಾನು ಹೇಳಬಲ್ಲೆ.

ನನ್ನನ್ನು ಮೊದಲು ಕೊಂಡವಳು ಗದುಗಿನ ಒಬ್ಬ ಹುಡುಗಿ, ಹತ್ತನೆಯ ತರಗತಿಯವಳು. ಪರೀಕ್ಷೆಯ ಹಾಲಿನಲ್ಲಿ ನನ್ನ ಮೈಮೇಲೆ ಬೆವರಿನ ಕೈ ಊರಿ ಬರೆದಳು. ಕೊನೆಯ ಗಂಟೆ ಹತ್ತಿರವಾದಂತೆ ಅವಳ ಪೆನ್ನು ನನ್ನನ್ನು ತಿವಿಯತೊಡಗಿತು. ಗಂಟೆ ಹೊಡೆಯಿತು, ಹಾಳೆ ಕಿತ್ತುಕೊಂಡರು, ಹುಡುಗಿ ಅಳುತ್ತಾ ನನ್ನನ್ನು ಬೆಂಚಿನ ಮೇಲೆಯೇ ಬಿಟ್ಟು ಹೋದಳು. ಆ ತಿವಿತ ನನಗೆ ಮರೆಯಲಿಲ್ಲ.

ಅಲ್ಲಿ ಮೇಲ್ವಿಚಾರಣೆಗೆ ನಿಂತಿದ್ದವರು ಕನ್ನಡ ಕಲಿಸುವ ವಿಶಾಲಾಕ್ಷಿ ಸವಡಿ. ಹುಡುಗಿ ಕೇಳಿಕೊಂಡು ಬಂದಾಳೆಂದು ನನ್ನನ್ನು ಎತ್ತಿಟ್ಟರು. ಅವಳು ಬರಲಿಲ್ಲ. ಹಾಗೆ ನಾನು ವಿಶಾಲಾಕ್ಷಿಯವರ ಮನೆ ಸೇರಿದೆ. ಮದುವೆಯಾಗದೆ ಉಳಿದ ಅವರು ತಮ್ಮ ಗುರುಸಿದ್ದ, ಅವನ ಹೆಂಡತಿ ಗಿರಿಜಾ ಇವರ ಜೊತೆ ಇದ್ದರು. ಊರ ಅಂಚಿನ ಮನೆ. ಹಿತ್ತಲ ಗೋಡೆಯ ಆಚೆ ಸ್ವಲ್ಪ ದೂರದಲ್ಲಿ ರೈಲು ಹಳಿ.

ಆ ಮನೆಯಲ್ಲಿ ನನ್ನ ಕೆಲಸವೇನು ಎಂದು ಒಂದು ವಾರದಲ್ಲಿ ಗೊತ್ತಾಯಿತು. ಮಾನಪತ್ರ. ಯಾರಾದರೂ ನಿವೃತ್ತರಾದರೆ, ವರ್ಗವಾದರೆ, ಅರವತ್ತು ತುಂಬಿಸಿಕೊಂಡರೆ, ಅವರನ್ನು ಹೊಗಳಿ ಬರೆದು, ಅಚ್ಚು ಹಾಕಿಸಿ, ಕಟ್ಟು ಹಾಕಿಸಿ, ವೇದಿಕೆಯ ಮೇಲೆ ಓದಿ ಕೈಗೆ ಕೊಡುವ ಪದ್ಧತಿ ಇದೆಯಲ್ಲ, ಆ ಊರಿನಲ್ಲಿ ಅದನ್ನೆಲ್ಲ ಬರೆಯುತ್ತಿದ್ದವರು ವಿಶಾಲಾಕ್ಷಿಯವರೇ. ಕೇಳಲು ಬರುವವರಿಗೆ ಹಿಂದಿನ ದಿನ ಸಂಜೆಯವರೆಗೆ ಅದರ ನೆನಪೇ ಆಗುತ್ತಿರಲಿಲ್ಲ.

"ಅಕ್ಕಾರ, ನಾಳಿ ಮುಂಜಾನಿ ಕಾರ್ಯಕ್ರಮ ಐತ್ರಿ. ಪ್ರೆಸ್ಸಿನಾಂವ ಕುಂತಾನ. ಒಂದೀಟು ಬರದುಕೊಡ್ರಿ."

"ಅವರು ಎಂಥಾ ಮನಷ್ಯಾರು? ನಾ ನೋಡೇ ಇಲ್ಲಲ್ಲೋ ಅವರನ್ನ."

"ಚಲೋ ಮನಷ್ಯಾ ರೀ. ನೀವು ಹ್ಯಾಂಗ ಬರದ್ರೂ ನಡೀತೈತಿ."

ಹಾಗೆ ನಡೆಯಿತು. ಬರೆದದ್ದನ್ನು ಬಾಯಲ್ಲಿ ಅಂದುಕೊಳ್ಳುವುದು ವಿಶಾಲಾಕ್ಷಿಯವರ ಅಭ್ಯಾಸವಾದ್ದರಿಂದ ನನಗೆ ಎಲ್ಲವೂ ಬಾಯಿಪಾಠವಾಯಿತು. ಬ್ಯಾಂಕಿನ ಮ್ಯಾನೇಜರರು ಸರಳ ಸಜ್ಜನಿಕೆಯ ಸಾಕಾರಮೂರ್ತಿ. ಮರುವಾರ ನೀರು ಸರಬರಾಜಿನ ಇಂಜಿನಿಯರೂ ಸರಳ ಸಜ್ಜನಿಕೆಯ ಸಾಕಾರಮೂರ್ತಿ. ಅವರ ಕಾಲದಲ್ಲಿ ನಲ್ಲಿಗೆ ನೀರೇ ಬರುತ್ತಿರಲಿಲ್ಲ, ಅದು ಬೇರೆ ಮಾತು. ಪ್ರತಿ ಸಲವೂ ಬಾಗಿಲಲ್ಲಿ ಯಾರೋ ಕಾಯುತ್ತಿದ್ದರು, ಪೆನ್ನು ನನ್ನನ್ನು ತಿವಿಯುತ್ತಿತ್ತು.

ಕಾಲೇಜಿನಲ್ಲಿದ್ದಾಗ ಅವರು ಕತೆ ಬರೆಯುತ್ತಿದ್ದರಂತೆ. ಗಿರಿಜಾ ಹಿಟ್ಟು ನಾದುತ್ತಿದ್ದಾಗ ಒಮ್ಮೆ ಹೇಳಿದ್ದರು, "ಒಂದು ಕತಿ ಬರೀಬೇಕು ನೋಡವಾ. ಯಾರೂ ಕೇಳದ ಕತಿ." ಆ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು. ಪಶುವೈದ್ಯರಿಗೆ ವರ್ಗವಾಗಿತ್ತು.

ಕೊನೆಗೆ ಅವರಿಗೂ ನಿವೃತ್ತಿ ಬಂತು. ಹಿಂದಿನ ಸಂಜೆ ಶಾಲೆಯ ಇಬ್ಬರು ಮಾಸ್ತರರು ತಲೆ ಕೆರೆಯುತ್ತಾ ಬಂದು ನಿಂತರು. "ಅಕ್ಕಾರ, ತಪ್ಪು ತಿಳೀಬ್ಯಾಡ್ರಿ. ನಿಮ್ಮ ಮಾನಪತ್ರ ಬರೀಬೇಕಿತ್ತು. ನಿಮ್ಮನ್ನ ಬಿಟ್ರ ಯಾರಿಗೆ ಬರ್ತೈತ್ರಿ ಅದು?" ವಿಶಾಲಾಕ್ಷಿ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಅವರಿಗೆ ಚಹಾ ಮಾಡಿಸಿದರು. ಆಮೇಲೆ ಕೂತು, ತಾವೇ ಸರಳ ಸಜ್ಜನಿಕೆಯ ಸಾಕಾರಮೂರ್ತಿ ಎಂದು ಬರೆದುಕೊಟ್ಟರು. ಅಂದು ಪೆನ್ನಿಗೆ ತೂಕವೇ ಇರಲಿಲ್ಲ. ನನಗೆ ಅಷ್ಟು ಸಂಕಟ ಹಿಂದೆಂದೂ ಆಗಿರಲಿಲ್ಲ.

ಶಾಲೆಯ ನಂಟು ಕಡಿದ ಮೇಲೆ ಮಾನಪತ್ರದವರೂ ಕಡಿಮೆಯಾದರು. ಒಂದು ದಿನ ವಿಶಾಲಾಕ್ಷಿ ನನ್ನನ್ನು ಹಿತ್ತಲಿಗೆ ಒಯ್ದು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತರು. ಚಿಕ್ಕವರಿದ್ದಾಗ ತಮ್ಮ ಹಳ್ಳಿಯ ರೈಲು ನಿಲ್ದಾಣದಲ್ಲಿ ಪೇರಲಹಣ್ಣು ಮಾರಲು ಬರುತ್ತಿದ್ದ ತಿಪ್ಪವ್ವ ಎಂಬ ಮುದುಕಿಯ ಕತೆ ಬರೆಯಬೇಕೆಂದಿದ್ದರು. ಮೊದಲ ಸಾಲು ಬಾಯಲ್ಲಿ ಅಂದುಕೊಂಡರು: "ಶ್ರಮಜೀವನದ ಸಾಕಾರಮೂರ್ತಿಯಾದ ತಿಪ್ಪವ್ವನವರು..." ಅಲ್ಲಿಗೇ ನಿಂತು ಹಾಳೆ ಹರಿದರು. ಮರುದಿನವೂ ಹರಿದರು. ಒಂದು ತಿಂಗಳಿಗೂ ಹೆಚ್ಚು ಕಾಲ ಹರಿಯುವುದೇ ಕೆಲಸವಾಯಿತು. ಹೊಗಳಿ ಹೊಗಳಿ ಕೈ ಕೆಟ್ಟುಹೋಗಿದೆ ಎಂದು ನಾನು ಆಸೆ ಬಿಟ್ಟೆ.

ಆಮೇಲೊಂದು ಮಧ್ಯಾಹ್ನ ಗೋಡೆಯಾಚೆ ರೈಲುಗಾಡಿ ಕೂಗಿಕೊಂಡು ಹೋಯಿತು. ವಿಶಾಲಾಕ್ಷಿ ತಟ್ಟನೆ ತಲೆಯೆತ್ತಿ, ಯಾರದೋ ದನಿಯಲ್ಲಿ ಬೈದರು. "ಏ ಗಾಡೀ, ಹೊಟ್ಟಿ ತುಂಬ ಮಂದೀನ್ನ ತುಂಬಕೊಂಡು ಹೊಂಟೀದಿ, ಅದರಾಗ ಒಬ್ಬರಿಗೂ ಹಸಿವಿಲ್ಲೇನ?"

ಅದು ತಿಪ್ಪವ್ವನ ದನಿ. ಆ ಹಳ್ಳಿಯಲ್ಲಿ ದೊಡ್ಡ ಗಾಡಿ ನಿಲ್ಲುತ್ತಿರಲಿಲ್ಲ. ಮುದುಕಿ ದಿನವೂ ಬುಟ್ಟಿ ಹೊತ್ತು ಬಂದು, ನಿಲ್ಲದ ಗಾಡಿಗೆ ಬೈದು, ಹಣ್ಣನ್ನೆಲ್ಲ ಮಕ್ಕಳಿಗೆ ಹಂಚಿ ಮನೆಗೆ ಹೋಗುತ್ತಿದ್ದಳು. ಮರುದಿನ ಮತ್ತೆ ಬರುತ್ತಿದ್ದಳು, ಹೊಸ ಬೈಗುಳ ತರುತ್ತಿದ್ದಳು. ಕತೆ ಅಷ್ಟೇ.

ಅಂದಿನಿಂದ ನನ್ನ ಬಾಳಿನಲ್ಲಿ ಒಳ್ಳೆಯ ಕಾಲ ಬಂತು, ಬಂದದ್ದು ಅದೊಂದೇ. ವಿಶಾಲಾಕ್ಷಿ ಒಂದು ದಿನ ಮೂರು ಪುಟ ಬರೆದರೆ ಇನ್ನೊಂದು ದಿನ ಮೂರೇ ಸಾಲು. ಒಮ್ಮೊಮ್ಮೆ ಏನೂ ಬರೆಯದೆ ಹಾಳೆಯ ಅಂಚಿನಲ್ಲಿ ಪೇರಲಹಣ್ಣಿನ ಚಿತ್ರ ತಿದ್ದುತ್ತಾ ಕೂರುತ್ತಿದ್ದರು. ಬರೆದದ್ದನ್ನು ಹೊಡೆದುಹಾಕುವುದರಲ್ಲೂ ಅವರಿಗೆ ಖುಷಿ. ಪೆನ್ನು ನನ್ನ ಮೇಲೆ ಆಡುತ್ತಿತ್ತು, ಬೆನ್ನು ತುರಿಸಿದಂತೆ ಹಿತವಾಗಿರುತ್ತಿತ್ತು. ಅವರು ನಗುವಾಗ ಮಂಡಿ ಅಲುಗಿ ನಾನೂ ಅಲುಗುತ್ತಿದ್ದೆ. ಗಾಡಿ ಬಂದಾಗ ಎದ್ದು ನಿಂತು, ಅಂದು ಬರೆದ ಬೈಗುಳವನ್ನು ಅದಕ್ಕೇ ಒಗೆದು ನೋಡುತ್ತಿದ್ದರು.

"ಅಕ್ಕಾರ, ಮಂದಿ ಏನಂದಾರು!" ಎಂದು ಗಿರಿಜಾ ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಿದ್ದಳು. "ಕತಿ ಯಾವಾಗ ಮುಗೀತೈತ್ರಿ?"

"ಗಾಡಿ ಎಲ್ಲೀತನಕ ಬರ್ತೈತೋ ಅಲ್ಲೀತನಕ ಆಕಿ ಬೈತಾಳ. ಮುಗಸೂ ಗಡಿಬಿಡಿ ಯಾರಿಗೈತಿ?"

ಗುರುಸಿದ್ದ ಅಕ್ಕನನ್ನು ಪ್ರಾಣಕ್ಕಿಂತ ಹೆಚ್ಚು ಪ್ರೀತಿಸುವವನು. ಆದದ್ದೆಲ್ಲ ಅವನ ಪ್ರೀತಿಯಿಂದಲೇ ಆಯಿತು. ಅಕ್ಕ ನಗುವುದನ್ನು ಕಂಡ, ಹಾಳೆಗಳನ್ನು ಓದಿದ, ಎದೆಯುಬ್ಬಿಸಿದ. ಒಂದು ದಿನ ಧಾರವಾಡದ ಪೇಡೆಯ ಜೊತೆ ಒಂದು ಆಮಂತ್ರಣ ಪತ್ರಿಕೆ ತಂದು ಅವರ ಕೈಗಿಟ್ಟ. ಪುಸ್ತಕ ಬಿಡುಗಡೆ ಸಮಾರಂಭವೆಂದು ತಾನೇ ಓದಿ ಹೇಳಿದ. ದಿನ, ವೇಳೆ, ಸಭಾಂಗಣ, ಅತಿಥಿಗಳು, ಉಪಾಹಾರ, ಎಲ್ಲ ಅಚ್ಚಾಗಿತ್ತು. ಪುಸ್ತಕವೊಂದೇ ಆಗಬೇಕಿತ್ತು.

"ಅದು ಮುಗಿದಿಲ್ಲೋ ತಮ್ಮಾ."

"ಮುಗಿಸಿಬಿಡ. ನಿನಗೇನು ಹೆಚ್ಚಿಂದು? ಒಂದು ತಾಸಿನ್ಯಾಗ ಮಾನಪತ್ರ ಬರದಾಕಿ ನೀನು. ಅತ್ತಿ ಮನಿಗೆ, ಮಾವನ ಮನಿಗೆ ಎಲ್ಲಾ ಕಡೆ ಕುಂಕುಮ ಹಚ್ಚಿ ಪತ್ರಿಕಾ ಕೊಟ್ಟು ಬಂದೀನಿ ಅಕ್ಕಾ."

ಕುಂಕುಮ ಹಚ್ಚಿ ಕೊಟ್ಟದ್ದನ್ನು ತಿರುಗಿ ಕೇಳುವ ರೂಢಿ ಇಲ್ಲ. ವಿಶಾಲಾಕ್ಷಿ ಪತ್ರಿಕೆಯನ್ನು ಬಹಳ ಹೊತ್ತು ನೋಡಿದರು. ಜೀವನದಲ್ಲಿ ಯಾರಿಗೂ ಇಲ್ಲ ಎಂದವರಲ್ಲ, ತಮ್ಮನಿಗೆ ಹೇಗೆ ಅಂದಾರು? ಪೇಡೆಯ ತುಣುಕನ್ನು ಬಾಯಿಗಿಟ್ಟುಕೊಂಡರು.

ಮರುದಿನದಿಂದ ಅದೇ ತಿವಿತ ಶುರುವಾಯಿತು. ಪ್ರೆಸ್ಸಿನವನು ಪಡಸಾಲೆಯಲ್ಲಿ ಕೂತು ಚಹಾ ಕುಡಿಯುತ್ತಾ ಕಾಯುತ್ತಿದ್ದ. ಆ ಪರೀಕ್ಷೆಯ ಹುಡುಗಿಯೇ ಮುದುಕಿಯಾಗಿ ಬಂದು ನನ್ನ ಮೇಲೆ ಕೈ ಊರಿದಳೇನೋ ಅನ್ನಿಸಿತು. ಪುಸ್ತಕಕ್ಕೆ ಕೊನೆ ಬೇಕಿತ್ತು. ವಿಶಾಲಾಕ್ಷಿ ಬಾಯಲ್ಲಿ ಅಂದುಕೊಳ್ಳುತ್ತಾ ಬರೆದರು: ಒಂದು ದಿನ ಗಾಡಿ ನಿಂತಿತು. ಪ್ರಯಾಣಿಕರು ಇಳಿದು ಹಣ್ಣನ್ನೆಲ್ಲ ಕೊಂಡರು. ಶ್ರಮಜೀವನದ ಸಾಕಾರಮೂರ್ತಿಯಾದ ತಿಪ್ಪವ್ವ ಆನಂದಬಾಷ್ಪ ಸುರಿಸುತ್ತಾ ಗಾಡಿ ಹತ್ತಿದಳು. ಬರೆದು ಪೆನ್ನಿನ ಮುಚ್ಚಳ ಹಾಕಿದರು. ಪ್ರೆಸ್ಸಿನವನು ಹಾಳೆ ಎಳೆದುಕೊಂಡು ಹೋದ.

ಸಮಾರಂಭಕ್ಕೆ ನನ್ನನ್ನು ಯಾರು ಕರೆಯುತ್ತಾರೆ? ಗಿರಿಜಾ ಬಂದು ಹೇಳಿದ್ದನ್ನು ಕೇಳಿದೆ. ಅತಿಥಿಗಳು ಕೊನೆಯ ಪುಟವನ್ನಷ್ಟೇ ಓದಿ ಬಂದಿದ್ದರಂತೆ, ಅದನ್ನೇ ಬಹಳ ಹೊಗಳಿದರಂತೆ. ಗುರುಸಿದ್ದ ಅಳುತ್ತಿದ್ದನಂತೆ. ಅಕ್ಕನಿಗೆ ಶಾಲು ಹೊದಿಸಿ, ಒಂದು ಮಾನಪತ್ರವನ್ನೂ ಕೊಟ್ಟರಂತೆ. ಅದನ್ನು ಬರೆದವರು ಯಾರು ಎಂದು ನಾನು ಹೇಳಬೇಕಾಗಿಲ್ಲ.

ಗದ್ದಲ ಇಳಿದ ಮೇಲೆ ವಿಶಾಲಾಕ್ಷಿ ಮತ್ತೆ ನನ್ನನ್ನು ಹಿತ್ತಲಿಗೆ ತಂದರು. ಕಲ್ಲಿನ ಮೇಲೆ ಕೂತರು. ಹಾಳೆ ವಾಲಿಕೊಂಡು ಕೂತಿತು. ನಾನು ಕಾದೆ. ಅವರು ಪೆನ್ನಿನ ಮುಚ್ಚಳ ತೆಗೆಯಲಿಲ್ಲ. ಎಷ್ಟೋ ದಿನ ಹಾಗೇ ಬಂದು, ಕೂತು, ಎದ್ದು ಹೋದರು. ಒಂದು ದಿನ ಬಟ್ಟೆ ತೊಳೆಯಲು ಬಂದ ಗಿರಿಜಾ ಮೆಲ್ಲಗೆ ಕೇಳಿದಳು, "ಯಾಕ್ರಿ ಅಕ್ಕಾರ, ತಿಪ್ಪವ್ವ ಬರವಲ್ಲಳೇನು?"

"ಎಲ್ಲಿಂದ ಬರ್ತಾಳವಾ? ಗಾಡಿ ಹತ್ತಿ ಹ್ವಾದ್ಲಲ್ಲ. ನಾನ ಹತ್ತಿಸಿ ಕಳಿಸೀನಿ."

ಹೇಳಿ, ನನ್ನನ್ನು ಕಲ್ಲಿನ ಮೇಲೆಯೇ ಬಿಟ್ಟು ಒಳಗೆ ಹೋದರು. ಮಳೆ ಬಂದು ನೆನೆದೆ, ಬಿಸಿಲಿಗೆ ಉಬ್ಬಿದೆ. ಈಗ ಹಿತ್ತಲಿನ ನೀರಿನ ಹಂಡೆಗೆ ಮುಚ್ಚಳವಾಗಿದ್ದೇನೆ. ಕ್ಲಿಪ್ಪು ತುಕ್ಕು ಹಿಡಿದು ಬಿದ್ದುಹೋಯಿತು, ಸೊಟ್ಟ ಮೊಳೆ ಮಾತ್ರ ಉಳಿದಿದೆ. ಮಾನಪತ್ರದವರು ಮತ್ತೆ ಬರುತ್ತಿದ್ದಾರೆ, ಪುಸ್ತಕದಿಂದ ಹೆಸರಾಯಿತಲ್ಲ. ವಿಶಾಲಾಕ್ಷಿ ಮಾನಪತ್ರಗಳನ್ನು ಊಟದ ಮೇಜಿನ ಮೇಲೆ ಹೊಸ ಪ್ಲಾಸ್ಟಿಕ್ ಪ್ಯಾಡಿನಲ್ಲಿ ಬರೆದುಕೊಡುತ್ತಾರೆ. ಆ ಪ್ಯಾಡಿಗೆ ತಿವಿತವೊಂದೇ ಗೊತ್ತು. ಅದರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಬೇರೆಯದೂ ಒಂದಿದೆ ಎಂದು ಅದಕ್ಕೆ ತಿಳಿಯದಿದ್ದರೆ ಒಳ್ಳೆಯದು. ನನಗೆ ತಿಳಿದದ್ದರಿಂದ ನಾನೇನು ಸುಖ ಪಟ್ಟೆ?

ಮಧ್ಯಾಹ್ನ ಅವರು ಬಟ್ಟೆ ಒಣಹಾಕಲು ಹಿತ್ತಲಿಗೆ ಬರುತ್ತಾರೆ. ಅದೇ ಹೊತ್ತಿಗೆ ಗೋಡೆಯಾಚೆ ಗಾಡಿ ಕೂಗುತ್ತದೆ. ಹಿಂಡಿದ ಸೀರೆ ಕೈಯಲ್ಲಿ ಹಿಡಿದು ಒಂದು ಗಳಿಗೆ ನಿಲ್ಲುತ್ತಾರೆ, ಏನೋ ಅನ್ನುವವರಂತೆ ಬಾಯಿ ತೆರೆಯುತ್ತಾರೆ. ಹಂಡೆಯ ಮೇಲೆ ಕೂತ ನಾನು ಇಂದಾದರೂ ಒಂದು ಬೈಗುಳ ಬಂದೀತೆಂದು ಕಾಯುತ್ತೇನೆ. ಅವರು ಬಾಯಿ ಮುಚ್ಚಿ ಸೀರೆ ಹರವುತ್ತಾರೆ. ಬೈಯುವವರಿಲ್ಲದ ಗಾಡಿ ತನ್ನ ಪಾಡಿಗೆ ಹೊರಟುಹೋಗುತ್ತದೆ.