ಅಮ್ಮ ಯಾರ ಮನೆಯಲ್ಲಿ

"ತಾಯಿ ಒಬ್ಬರೇ ತಾನೆ?" ತೆರಿಗೆ ಅಧಿಕಾರಿ ಕನ್ನಡಕದ ಮೇಲಿಂದ ಅಣ್ಣ ತಂಗಿಯನ್ನು ನೋಡಿದಳು. "ಮತ್ತೆ ಇಬ್ಬರೂ ನಾನೇ ಸಾಕ್ತಿದೀನಿ ಅಂತ ಹೇಗೆ ಬರೆದ್ರಿ?"

ಅಣ್ಣ ನಗಲು ನೋಡಿದ, ನಗು ಬರಲಿಲ್ಲ. ಬಸ್ ಡಿಪೋದ ಮೇಲ್ವಿಚಾರಕ ಅವನು. ಅಂಗಿಯ ಇಸ್ತ್ರಿ ಎಲ್ಲೂ ಮುರಿದಿರಲಿಲ್ಲ. ಆಸ್ಪತ್ರೆಯ ಬಟ್ಟೆ ಒಗೆಯುವ ತಂಗಿ ಅರ್ಧ ದಿನ ರಜೆ ಹಾಕಿ ಬಂದಿದ್ದಳು. ಸೋಪಿನ ನೀರಿಗೆ ಬಿರಿದ ಬೆರಳುಗಳನ್ನು ಚೀಲದ ಕೆಳಗೆ ಅಡಗಿಸಿಕೊಂಡಿದ್ದಳು. ಇಬ್ಬರ ನಡುವೆ ಅಮ್ಮ.

ವಯಸ್ಸಾದ ತಂದೆತಾಯಿಯನ್ನು ಜೊತೆಗಿಟ್ಟುಕೊಂಡವರಿಗೆ ತೆರಿಗೆಯಲ್ಲಿ ರಿಯಾಯಿತಿ ಇತ್ತು, ಆದರೆ ಒಬ್ಬರಿಗೆ ಮಾತ್ರ. ಅಣ್ಣ ಅದನ್ನು ಪ್ರತಿ ವರ್ಷವೂ ಪಡೆಯುತ್ತಿದ್ದ. ಜೊತೆ ಕೆಲಸದವಳೊಬ್ಬಳು ಹೇಳಿದ ಮೇಲೆ ಈ ಸಲ ತಂಗಿಯೂ ಅರ್ಜಿ ಹಾಕಿದ್ದಳು. ಅಣ್ಣನ ಸಂಗತಿ ಅವಳಿಗೆ ಗೊತ್ತಾದದ್ದೇ ಈ ಮೇಜಿನ ಮುಂದೆ.

"ಅಣ್ಣಾ, ಅಮ್ಮ ಇರೋದು ನನ್ನ ಹತ್ರ ಅಲ್ವಾ?"

"ಆಮೇಲೆ ಮಾತಾಡೋಣ ಕಣೆ."

"ಆಮೇಲೆ ಅಲ್ಲ, ಈಗಲೇ," ಎಂದಳು ಅಧಿಕಾರಿ. "ಸುಳ್ಳು ಬರೆದವರು ಹಿಂದಿನ ವರ್ಷಗಳದ್ದನ್ನೂ ದಂಡ ಸಮೇತ ವಾಪಸ್ ಕಟ್ಟಬೇಕು. ಕೆಲಸದ ಕಡೆಗೂ ವಿಷಯ ಹೋಗುತ್ತೆ."

ಅಣ್ಣನ ಹಣೆ ಬೆವೆತಿತು. ಅಮ್ಮ ಅದನ್ನು ನೋಡಿದಳು.

"ನೀವೇ ಹೇಳಿ ಅಮ್ಮ, ಯಾರ ಮನೇಲಿದೀರಿ?" ಎಂದಳು ಅಧಿಕಾರಿ.

"ಮಗನ ಮನೇಲಿ," ಎಂದುಬಿಟ್ಟಳು ಅಮ್ಮ.

ತಂಗಿ ಥಟ್ಟನೆ ಅಮ್ಮನತ್ತ ನೋಡಿದಳು. ಬೆಳಿಗ್ಗೆ ಅಮ್ಮನಿಗೆ ಸ್ನಾನ ಮಾಡಿಸಿ, ತಲೆ ಬಾಚಿ, ಕರೆತಂದವಳು ಅವಳೇ. ಅಮ್ಮ ಅವಳತ್ತ ತಿರುಗಲೇ ಇಲ್ಲ.

ಅಧಿಕಾರಿಯ ದನಿ ಮೆತ್ತಗಾಯಿತು. "ಸರಿ. ಅಲ್ಲಿ ನೀವು ಮಲಗೋ ಕೋಣೆ ಕಿಟಕಿಯಿಂದ ಏನು ಕಾಣುತ್ತೆ?"

"ಕಿಟಕಿನಾ? ರಸ್ತೆ... ಆಮೇಲೆ ಮರ..." ಅಮ್ಮ ಮೆಲ್ಲಗೆ ಮಗನ ಮುಖ ನೋಡಿದಳು. "ಮರ ಇದೆ ಅಲ್ವೇನಪ್ಪ?"

ಹೊಸ ಮನೆಗೆ ಹೋದಾಗಿನಿಂದ ಮಗ ಅಮ್ಮನನ್ನು ಒಮ್ಮೆಯೂ ಅಲ್ಲಿಗೆ ಕರೆದಿರಲಿಲ್ಲ. ಸ್ವಲ್ಪ ಸರಿಹೋಗಲಿ, ಕರ್ಕೊಂಡು ಹೋಗ್ತೀನಿ ಎನ್ನುತ್ತಲೇ ಇದ್ದ. ಈಗ ಅಮ್ಮ ಅವನ ಬಾಯನ್ನೇ ನೋಡುತ್ತಿದ್ದಳು. ಹೂಂ ಎಂದರೆ ಸಾಕಿತ್ತು.

"ಮರ ಇಲ್ಲಮ್ಮ," ಎಂದ. ಆಮೇಲೆ ಅಧಿಕಾರಿಗೆ, "ಅಮ್ಮ ನಮ್ಮನೆ ನೋಡೇ ಇಲ್ಲ ಮೇಡಂ. ಇರೋದು ತಂಗಿ ಹತ್ರಾನೇ. ರಿಯಾಯಿತಿ ಅವಳಿಗೇ ಕೊಡಿ."

"ದಂಡ ಬೀಳುತ್ತೆ, ಗೊತ್ತಲ್ಲ?"

"ಕಟ್ತೀನಿ."

ಅಮ್ಮ ಅಧಿಕಾರಿಯತ್ತ ಬಾಗಿದಳು. "ಅವನು ಬೇಕಂತ ಮಾಡಿದ್ದಲ್ಲ ತಾಯಿ, ಪಾಪ, ಚಿಕ್ಕಂದಿನಿಂದ ಅವನಿಗೆ ಮರೆವು..."

"ಅಮ್ಮ, ಸುಮ್ನಿರು!" ಎಂದರು ಮಕ್ಕಳಿಬ್ಬರೂ ಒಟ್ಟಿಗೆ.

ಲಿಫ್ಟ್ ಕೆಟ್ಟಿತ್ತು. ಮೆಟ್ಟಿಲ ಬಳಿ ಅಣ್ಣ ಮುಂದೆ ಬಂದು ಅಮ್ಮನ ಬಲತೋಳು ಹಿಡಿದ. ಒಂದು ಮೆಟ್ಟಿಲಿಳಿಯುತ್ತಲೇ ಅಮ್ಮ ಹಲ್ಲು ಕಚ್ಚಿದಳು.

"ಆ ಕಡೆ ಅಲ್ಲ," ಎಂದಳು ತಂಗಿ. "ನೋವಿರೋದು ಎಡಗಾಲಲ್ಲಿ."

ಅವನು ಸುತ್ತಿ ಬಂದು ಎಡಕ್ಕೆ ನಿಂತ. ಅಮ್ಮ ತನ್ನ ಭಾರವನ್ನು ಅವನ ಮೇಲೆ ಬಿಟ್ಟಳು. ತಂಗಿ ಅವರಿಗಿಂತ ಒಂದು ಮೆಟ್ಟಿಲು ಕೆಳಗೆ, ಅವರತ್ತ ಮುಖ ಮಾಡಿ, ಎರಡೂ ಕೈ ಚಾಚಿಕೊಂಡೇ ಇಳಿದಳು.