ಒಲೆಯಿಲ್ಲದ ಗುಡಾರ

ನಾರಿನ್ ಊರಿನ ಜಿಪಾರಳಿಗೂ ಅವಳ ಗಂಡ ಎಸೆನ್‌ಗೂ ಹೋದ ಚಳಿಗಾಲವಿಡೀ ಒಂದೇ ಜಗಳ.

"ಈ ಕಲ್ಲಿದ್ದಲ ಒಲೆ ಹೊಗೆ ಸಾಕಾಗಿದೆ ಕಣೇ, ಕರೆಂಟ್ ಹೀಟರ್ ತರ್ಸೋಣ."

"ಕರೆಂಟ್ ಹೋದ್ರೆ ನಿಮ್ಮನ್ನ ತಬ್ಕೊಂಡು ಕೂರ್ಲಾ?"

ಈ ವರ್ಷ ಅವಳೇ ಸೋತು, ಅಂಗಡಿಯಲ್ಲಿ ಹೀಟರ್ ಹೇಳಿಬಂದಳು. ಅದು ಮನೆಗೆ ಬರುವ ಹಿಂದಿನ ದಿನ ಎಸೆನ್ ತೀರಿಕೊಂಡ. ಅಲ್ಲಿನ ಪದ್ಧತಿಯಂತೆ ಅಂಗಳದಲ್ಲಿ ಗುಡಾರ ಹಾಕಿ, ಅವನನ್ನು ಅಲ್ಲಿ ಮಲಗಿಸಿದ್ದರು. ಹೆಣವಿರುವ ಗುಡಾರದಲ್ಲಿ ಬೆಂಕಿ ಹಾಕುವಂತಿಲ್ಲ.

"ಎಲ್ಲಿ ಇಡ್ಲಮ್ಮಾ?" ಎಂದ, ಹೀಟರ್ ಹೊತ್ತು ತಂದವನು.

ಜಿಪಾರ ಗುಡಾರದತ್ತ ಕೈ ತೋರಿಸಿದಳು. ನಾದಿನಿ ಗಾಬರಿಯಾಗಿ ಆ ಕೈ ಹಿಡಿದುಕೊಂಡಳು.

"ಅತ್ತಿಗೆ, ಅಲ್ಲಿ ಬೆಚ್ಚಗಿರಬಾರ್ದು. ನಿಮಗೇ ಗೊತ್ತಲ್ಲ."

"ನನಗೇನು ಹೇಳ್ಕೊಡ್ತೀಯ, ಬಿಡು ಕೈನ!" ಎಂದು ಜಿಪಾರ ಸಿಡುಕಿದಳು. ಆಮೇಲೆ ದನಿ ತಗ್ಗಿಸಿದಳು. "ಕಾಲ ಹತ್ರ ಒಂದು ಗಳಿಗೆ ಇಡ್ತೀನಿ ಕಣೇ. ಕಾಲು ತಣ್ಣಗಿದ್ರೆ ಅವರಿಗೆ ನಿದ್ದೆ ಬರಲ್ಲ."